ಒಂದು ಮೊರ ತೌಡು, ಒಂದು ಇಂಗ್ಲಿಷ್ ಶಬ್ದ

ಡೆರೊಗೇಟರಿ ಎಂಬ ಶಬ್ದವನ್ನು ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಹನ್ನೆರಡನೆಯ ವಯಸ್ಸಿಗೆ. ಐವತ್ತು ಸಲ ಬರೆದು ಕಲಿತದ್ದು. ಬೇರೆ ಎಷ್ಟೋ ಶಬ್ದ ಮರೆತೆ, ಇದೊಂದು ಇವತ್ತಿಗೂ ಕೈಯಲ್ಲಿ ಉಳಿದಿದೆ.

ನನ್ನ ತಂದೆಗೆ ಬೆಳಗಾವಿಯ ಕ್ಯಾಂಪಿನಲ್ಲಿ ಸೀರೆಯ ಅಂಗಡಿ ಇತ್ತು. ಎದುರಿನ ಅಂಗಡಿಯವರ ಮಗಳು ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಳೆಂದು ನನ್ನನ್ನೂ ಹಾಕಿದರು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಒಂದು ದಿನ ‘ನನ್ನ ಅಜ್ಜಿ’ ಎಂದು ನಿಬಂಧ ಬರೆಯಲು ಹೇಳಿದರು. ನಾನು ಖುಷಿಯಿಂದ ಎರಡು ಪುಟ ಬರೆದೆ. ಅಜ್ಜಿ ನನ್ನ ತಮ್ಮನನ್ನು ‘ಕಸಾ’ ಎಂದು ಕರೆಯುವುದನ್ನೂ ಬರೆದೆ. ತಮ್ಮನಿಗಿಂತ ಮೊದಲು ಹುಟ್ಟಿದ ಕೂಸು ಉಳಿದಿರಲಿಲ್ಲ. ಅದಕ್ಕೇ ಇವನು ಕಸಾ. ನಮಗೆಲ್ಲ ಅದು ಬೆಲ್ಲದಂಥ ಹೆಸರು.

ಸಿಸ್ಟರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಈ ಶಬ್ದ ಬರೆದಿದ್ದರು. ನನ್ನನ್ನು ಮೇಜಿನ ಹತ್ತಿರ ಕರೆದು, ಯಾರನ್ನಾದರೂ ಅವರು ಇರುವುದಕ್ಕಿಂತ ಕೆಳಗೆ ಇಳಿಸುವ ಮಾತಿಗೆ ಹೀಗೆನ್ನುತ್ತಾರೆ ಎಂದರು.

“ನಿನ್ನ ಅಜ್ಜಿಗೆ ಮೊಮ್ಮಗನ ಮೇಲೆ ಸಿಟ್ಟೇ?”

“ಇಲ್ಲ ಸಿಸ್ಟರ್. ಬಹಳ ಪ್ರೀತಿ.”

“ಪ್ರೀತಿ ಇದ್ದವರು ಮಗುವನ್ನು ಕಸ ಅನ್ನುತ್ತಾರೆಯೇ?”

ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳುವ ಇಂಗ್ಲಿಷ್ ಇರಲಿಲ್ಲ. ಸಿಸ್ಟರು ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ತಮ್ಮ ಪಾಲಿನ ಹಾಲು ಕಳಿಸಿದವರು. ಅವರ ಬಿಳಿಯ ತೋಳಿನ ಅಂಚಿಗೆ ಕೆಂಪು ಶಾಯಿಯ ಒಂದು ಚುಕ್ಕೆ ಹತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಆಮೇಲೆ ಹೋಗಿ ಐವತ್ತು ಸಲ ಬರೆದೆ. ಆ ರಜೆಗೆ ಮನೆಗೆ ಬಂದವಳು ಅಜ್ಜಿಯ ಮುಂದೆ ನಿಂತು, “ತಮ್ಮನ್ನ ಇನ್ಮುಂದ ಹಂಗ ಕರೀಬ್ಯಾಡ” ಎಂದೆ. ಅಜ್ಜಿ ನಕ್ಕಳು. “ಸಾಲಿ ಕಲ್ತಾಳ ನಮ್ಮವ್ವ” ಎಂದಳು. ನನಗೆ ಅಳು ಬಂತು. ನಮ್ಮ ಮನೆಯವರಿಗೆ ಮಾತಾಡಲು ಬರುವುದಿಲ್ಲ ಅಂತ ಅವತ್ತು ನಾನು ನಂಬಿಬಿಟ್ಟೆ.

ಮದುವೆಯಾಗಿ ಬನಹಟ್ಟಿಗೆ ಬಂದೆ. ಆಗ ಜಮಖಂಡಿ ಸಂಸ್ಥಾನ. ನನ್ನ ಮಾವನವರು ಸೀರೆಯ ವ್ಯಾಪಾರಸ್ಥರು, ನನ್ನ ತಂದೆಯ ಅಂಗಡಿಗೆ ಮಾಲು ಕಳಿಸುತ್ತಿದ್ದವರು. ಬೆಳಕು ಹರಿದರೆ ಓಣಿಯ ತುಂಬ ಮಗ್ಗದ ಸಪ್ಪಳ. ನೇಕಾರರು ಸೀರೆ ತಂದು ಪಡಸಾಲೆಯಲ್ಲಿ ಬಿಚ್ಚಿ ಹಾಸುತ್ತಿದ್ದರು. ಮಾವನವರು ಅದನ್ನು ಬಯ್ಯಲು ಶುರುಮಾಡುತ್ತಿದ್ದರು.

“ಇದೇನಲೇ? ಸೀರಿ ನೇದೀಯೋ, ಚೀಲಾ ನೇದೀಯೋ? ಇದನ್ನ ಉಟ್ಕೊಂಡ ಹೆಣ್ಮಗಳು ತವರಮನಿಗೆ ಹ್ಯಾಂಗ ಹೋಗಬೇಕು?”

ನೇಕಾರ ಮುಗುಳ್ನಗುತ್ತ ನಿಂತಿರುತ್ತಿದ್ದ. ಮೊದಲ ವರ್ಷ ಬಾಗಿಲ ಮರೆಯಲ್ಲಿ ನಿಂತು ನಾನು ಅವನ ಸಲುವಾಗಿ ಸಂಕಟಪಡುತ್ತಿದ್ದೆ. ಮುಂದೆ ತಿಳಿಯಿತು. ಬೈಗುಳ ಎಷ್ಟು ಉದ್ದವೋ ಸೀರೆ ಅಷ್ಟು ಛಲೋ. ನಿಜವಾಗಿ ಕೆಟ್ಟ ಸೀರೆಯಾದರೆ ಮಾವನವರು ಮಾತೇ ಆಡದೆ ಮಡಚಿ ಕೊಡುತ್ತಿದ್ದರು. ಆಗ ನೇಕಾರನ ಮಾರಿ ಇಳಿಯುತ್ತಿತ್ತು.

ನನ್ನ ಮೊದಲ ಎರಡು ಮಕ್ಕಳು ಉಳಿಯಲಿಲ್ಲ. ಒಂದು ಹೆಣ್ಣು, ಒಂದು ಗಂಡು. ಎರಡೂ ಬೆಳ್ಳಗೆ, ಗುಂಡಗೆ ಇದ್ದವು. ಬಂದವರೆಲ್ಲ ಗಲ್ಲ ಹಿಂಡಿ ಹೊಗಳಿ ಹೋಗುತ್ತಿದ್ದರು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಮೂರನೆಯದು ಹೆಣ್ಣು. ಐದನೆಯ ದಿನ ಅತ್ತೆಯವರು ಕೂಸನ್ನು ಮೊರದಲ್ಲಿ ಹಾಕಿಕೊಂಡು ಹಿತ್ತಿಲಿಗೆ ಹೋಗಿ ತಿಪ್ಪೆಯ ಮೇಲೆ ಮಲಗಿಸಿ ಬಂದರು. ನಾನು ಬಾಣಂತಿ ಕೋಣೆಯ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದೆ. ಸೂಲಗಿತ್ತಿ ಅತ್ತಿಂದ ಬಂದು, “ಅಯ್ಯ, ಯಾರೋ ಕೂಸು ಒಗದು ಹೋಗ್ಯಾರಲ್ಲ” ಎಂದು ಎತ್ತಿಕೊಂಡು, ನಮ್ಮ ಹಿಂಬಾಗಿಲಿಗೆ ತಂದು, “ಬೇಕೇನ್ರಿ?” ಎಂದು ಕೇಳಿದಳು. ಅತ್ತೆಯವರು ಮೂಗು ಮುರಿದು, “ನಮಗ್ಯಾಕ ಬೇಕ ಈ ಹೊಲಸು? ಇರಲಿ, ಒಂದು ಮೊರ ತೌಡು ಕೊಡ್ತೀನಿ, ಕೊಟ್ಟು ಹೋಗು” ಎಂದರು. ತೌಡು ಅಳೆದು ಕೊಡುವಾಗ ಅವರ ಕೈ ನಡುಗಿ ಅರ್ಧ ನೆಲಕ್ಕೆ ಚೆಲ್ಲಿತು. ಹೀಗೆ ನನ್ನ ಮಗಳು ನನ್ನ ಮಗಳಲ್ಲ, ತಿಪ್ಪೆಯಲ್ಲಿ ಸಿಕ್ಕವಳು ಎಂದಾಯಿತು. ಯಾರಿಗೂ ಬೇಡವಾದದ್ದು ಯಮನಿಗೂ ಬೇಡ ಎಂಬ ಲೆಕ್ಕ. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ನನ್ನನ್ನು ಬಿಟ್ಟು ಎಲ್ಲರ ಬಾಯಲ್ಲಿ ‘ತಿಪ್ಪಿ’.

ಆರು ವರ್ಷ ನಾನು ಅದನ್ನು ಕೇಳಿದೆ. “ತಿಪ್ಪೀ, ಉಣ್ಣಾಕ ಬಾ.” “ಇದರ ಮಾರಿ ನೋಡ್ರಿ, ಸುಟ್ಟ ಬದನಿಕಾಯಿ.” “ಈ ದಡ್ಡಿ ಯಾರ ಮನೀ ಬೆಳಗೂದೈತಿ?” ಒಂದೊಂದು ಮಾತಿಗೂ ಒಳಗೆ ಒಂದು ಕೆಂಪು ಗೆರೆ ಎಳೆದಂತಾಗುತ್ತಿತ್ತು. ಅತ್ತೆಯವರಿಗೆ ಎದುರಾಡುವ ಧೈರ್ಯವಿರಲಿಲ್ಲ. ಯಜಮಾನರಿಗೆ ಹೇಳಿದರೆ, “ಅವ್ವ ಮಾಡೂದ ಮಾಡ್ಲಿ. ಹುಡುಗಿ ಉಳದೈತಲ್ಲ” ಎಂದು ಅಂಗಿ ಹಾಕಿಕೊಂಡು ಹೊರಗೆ ನಡೆಯುತ್ತಿದ್ದರು. ಉಳಿದಿದ್ದಳು, ಖರೆ. ಅದಕ್ಕೇ ನನ್ನ ಬಾಯಿ ಕಟ್ಟಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳನ್ನು ಅಡಿಗೆಮನೆಗೆ ಕರೆದು, ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ ಅಕ್ಷರ ಬರೆಸುತ್ತಿದ್ದೆ. ಆರನೆಯ ವರ್ಷಕ್ಕೆ ಮನೆಗೆ ಬರುವ ಪತ್ರಗಳ ಮೇಲಿನ ವಿಳಾಸವನ್ನೆಲ್ಲ ಓದುತ್ತಿದ್ದಳು.

ಊರಲ್ಲಿ ಹೆಣ್ಣುಮಕ್ಕಳ ಸಾಲಿ ಒಂದಿತ್ತು. ಕಲಿಸುವವರು ಒಬ್ಬರೇ ಅಕ್ಕೋರು, ಜಮಖಂಡಿಯ ಕಡೆಯ ವಿಧವೆ, ನನಗಿಂತ ಹತ್ತು ವರ್ಷ ದೊಡ್ಡವರು. ಮಗಳನ್ನು ಅಲ್ಲಿಗೆ ಕಳಿಸುತ್ತೇನೆಂದಾಗ ಮಾವನವರು, “ಒಂದು ವರ್ಷ ನೋಡೂಣು. ತಪಾಸಣಿ ಸಾಹೇಬ್ರು ಬಂದು ಪಾಸ್ ಮಾಡಿದ್ರ ಮುಂದ ಹೋಗ್ಲಿ. ಇಲ್ಲಂದ್ರ ರಾಟಿ ಮುಂದ ಕುಂಡ್ರಿಸಿ ಕಂಡಕಿ ಸುತ್ತಾಕ ಕಲಸ್ರಿ” ಎಂದರು. ಕಂಡಕಿ ಎಂದರೆ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆ; ಅದಕ್ಕೆ ನೂಲು ಸುತ್ತುತ್ತ ನಮ್ಮ ಓಣಿಯ ಹೆಣ್ಣುಮಕ್ಕಳ ಕಣ್ಣೂ ವಯಸ್ಸೂ ಹೋಗುತ್ತಿದ್ದವು. ನನಗೆ ಭಯವಾಗಲಿಲ್ಲ. ಓದಲು ಬರುವ ಹುಡುಗಿ ಪಾಸಾಗದೇ ಇರುತ್ತಾಳೆಯೇ?

ಎರಡು ತಿಂಗಳಾದ ಮೇಲೆ ಅಕ್ಕೋರು ಬಾವಿಯ ಹತ್ತಿರ ಸಿಕ್ಕು, “ತಂಗೀ, ನಿಮ್ಮ ಹುಡುಗಿ ಬಾಯೇ ತಗಿಯೂದಿಲ್ಲ. ಮೊದಲನೇ ದಿನ ಹಲಗೀ ಮ್ಯಾಲಿಂದು ಪಟಪಟ ಓದಿದ್ಲು. ಭಾಳ ಶ್ಯಾಣಿ ಅದಿ ಬಿಡ ಅಂದೆ. ಅವತ್ತಿನಿಂದ ಮೂಕಿ ಆಗ್ಯಾಳ” ಎಂದರು.

ಅಂದು ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ. ಹುಡುಗಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು:

“ಅಕ್ಕೋರು ನನಗ ಶ್ಯಾಣಿ ಅಂದ್ರು.”

“ಅಂದ್ರ ಏನಾತು?”

“ಅಕ್ಕಗೂ ಹಂಗ ಅಂದಿದ್ರಂತ. ಅಣ್ಣಗೂ ಚಂದ ಅದಾನ ಅಂದಿದ್ರಂತ. ಅಜ್ಜಿ ಹೇಳ್ಯಾಳ.”

ಎಣ್ಣೆಯ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಆರು ವರ್ಷ ನಾನು ಹೆದರಿದ್ದು, ಆ ಮಾತುಗಳನ್ನು ಕೇಳಿ ಕೇಳಿ ಹುಡುಗಿ ತನ್ನನ್ನು ತಾನು ಕೀಳು ಎಂದು ತಿಳಿದಾಳು ಎಂದು. ಅವಳು ಹಾಗೆ ತಿಳಿದೇ ಇರಲಿಲ್ಲ! ತಿಪ್ಪಿ ಎನ್ನುವುದು ಅವಳಿಗೆ ಹೊದಿಕೆ. ಅದನ್ನು ಯಾರಾದರೂ ಎಳೆದರೆ ತಾನು ಸಾಯುತ್ತೇನೆ ಎಂದು ತಿಳಿದಿದ್ದಳು.

“ಹುಚ್ಚಿ, ಶ್ಯಾಣಿ ಅಂದ್ರ ಯಾರೂ ಸಾಯಂಗಿಲ್ಲ. ನೀ ಶ್ಯಾಣೀನ ಅದಿ. ನನ್ನ ಬಂಗಾರ ಅದಿ” ಎಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಮೂರು ಸಲ ಥೂ ಥೂ ಥೂ ಎಂದು ಉಗುಳಿ, ಅರ್ಧ ಎಣ್ಣೆಯ ತಲೆಯಲ್ಲೇ ಅಜ್ಜಿಯ ಕಡೆ ಓಡಿದಳು. ಅತ್ತೆಯವರು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು.

ಅವತ್ತು ಮೊದಲ ಸಲ ಅತ್ತೆಯವರ ಎದುರು ನಿಂತೆ. “ನೀವು ಆಕೀನ್ನ ಅಷ್ಟು ಹೀಯಾಳಸ್ತೀರಿ. ಅದಕ್ಕ ಹಿಂಗಾಗೇತಿ” ಎಂದೆ. ನನ್ನ ದನಿ ಕಾನ್ವೆಂಟಿನದು, ಸಿಟ್ಟಿನಲ್ಲೂ ಮೇಲಕ್ಕೆ ಏರುವುದಿಲ್ಲ.

“ಹೀಯಾಳಸ್ತೀನಿ, ಹೂಂ. ನೀ ಮುದ್ದಮಾಡಿ ಎರಡು ಕಳಕೊಂಡಿ. ನಾ ಹೀಯಾಳಿಸಿ ಒಂದು ಉಳಿಸ್ಕೊಂಡೀನಿ. ಯಾವುದು ಛಲೋ, ನೀನ ಹೇಳು.”

ಘಾಟು ಹೊರಗೆ ಹೋಗಲೆಂದು ನಾನು ಹಿಂಬಾಗಿಲು ತೆರೆದೆ.

ತಿಂಗಳುಗಳು ಸರಿದವು. ಹುಡುಗಿ ಮನೆಯಲ್ಲಿ ಓದುತ್ತಿದ್ದಳು, ಸಾಲಿಯಲ್ಲಿ ಮೂಕಿ. ಪ್ರೀತಿಯಿಂದ ಹೇಳಿದೆ, ಸಿಟ್ಟಿನಿಂದ ಹೇಳಿದೆ, ಸಕ್ಕರೆ ಕೊಟ್ಟು ಹೇಳಿದೆ. ಒಂದು ದಿನ ಅವಳೇ ನನಗೆ ತಿಳಿಹೇಳಿದಳು: “ಛಲೋ ಸೀರಿಗೆ ಅಜ್ಜಾ ಛಲೋ ಅಂತಾನೇನು ಬೇ?” ಪಡಸಾಲೆಯ ಮೂಲೆಯಲ್ಲಿ ಕೂತು ಆಡುತ್ತ ಅವಳು ಅಲ್ಲಿಯ ವ್ಯವಹಾರವನ್ನೆಲ್ಲ ಕಲಿತಿದ್ದಳು. ನಾನು ಕಲಿಸಿದ್ದು ಬರೇ ಅಕ್ಷರ. ಇತ್ತ ಅತ್ತೆಯವರು ಅವಳ ಅಳತೆಗೆ ಸಣ್ಣ ರಾಟಿಯೊಂದನ್ನು ಬಡಿಗನಿಗೆ ಮಾಡಲು ಹೇಳಿದ್ದರು. ಅದು ಬಂದು ಜಗಲಿಯ ಮೇಲೆ ಕೂತಿತ್ತು. ದಿನಾ ಅದರ ಧೂಳು ಒರೆಸುವುದು ನನ್ನ ಕೆಲಸ.

ಸಾಹೇಬರು ಬರುವುದಕ್ಕೆ ಹದಿನೈದು ದಿನ ಇದ್ದಾಗ ನಾನು ಸೆರಗು ಹೊದ್ದು ಅಕ್ಕೋರ ಮನೆಗೆ ಹೋದೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ ಅವರ ಕಟ್ಟೆಯ ಮೇಲಿನ ತುಳಸಿಯ ಒಣಗಿದ ಎಲೆಗಳನ್ನು ಕೀಳುತ್ತ ಕೂತೆ.

“ಅಕ್ಕೋರ, ಒಂದು ಕೇಳತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನನ್ನ ಮಗಳನ್ನ ಹೊಗಳಬ್ಯಾಡ್ರಿ. ಬೈರಿ.”

“ಬೈಲಿ?”

“ತಿಪ್ಪಿ ಅನ್ರಿ. ದಡ್ಡಿ ಅನ್ರಿ. ಆಕಿ ಏನ ಓದಿದ್ರೂ ಹೊಲಸ ಓದಿದಿ ಅನ್ರಿ.” ಹೇಳುವಾಗ ನನ್ನ ಕಿವಿ ಬಿಸಿಯಾದವು. ಐವತ್ತು ಸಲ ಬರೆದ ಕೈ ಇದು. ಸಿಸ್ಟರು ಎಲ್ಲಿಂದಲೋ ನೋಡುತ್ತಿದ್ದಾರೆ ಅನ್ನಿಸಿತು.

ಅಕ್ಕೋರು ಒಂದು ಗಳಿಗೆ ನನ್ನನ್ನು ನೋಡಿ ದೊಡ್ಡದಾಗಿ ನಕ್ಕರು. “ತೌಡಿನ ಕೂಸೇನು? ಮೊದಲ ಹೇಳಬಾರದಾ? ನನ್ನ ತಮ್ಮನ್ನೂ ಹಂಗ ಕೊಂಡಿದ್ರು. ಈಗ ಆರಡಿ ಕ್ವಾಣ ಆಗಿ ಕುಂತಾನ!”

ಮರುದಿನ ಹುಡುಗಿ ಸಾಲಿಯಿಂದ ಕುಣಿಯುತ್ತ ಬಂದಳು. “ಅವ್ವಾ, ಅಕ್ಕೋರು ನನಗ ಬೈದ್ರು! ಏ ತಿಪ್ಪಿ, ನಿನಗೇನ ಬರ್ತೈತಿ, ಎದ್ದ ನಿಂದರು, ನಿನ್ನ ಹಲ್ಲಿ ಮಾರಿ ತೋರ್ಸು ಅಂದ್ರು. ಓದಿದೆ. ಪೂರಾ ಓದಿದೆ!” ಅತ್ತೆಯವರು ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಲಿಲ್ಲ. “ಆ ಅಕ್ಕೋರು ಶ್ಯಾಣೆ ಹೆಣ್ಮಗಳು” ಎಂದಷ್ಟೇ ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಬಗ್ಗೆ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ.

ತಪಾಸಣೆಯ ದಿನ ಸಾಹೇಬರ ಮೇಜಿಗೆ ಹಾಸಲು ನಾನು ಕಾನ್ವೆಂಟಿನಲ್ಲಿ ಹೆಣೆದ ಲೇಸಿನ ಹಾಸುಬಟ್ಟೆ ಕಳಿಸಿದೆ. ಸಾಹೇಬರು ಹೊಸಬರು, ಪುಣೆಯಲ್ಲಿ ಓದಿ ಬಂದವರು, ವಯಸ್ಸು ಕಡಿಮೆ. ಮಧ್ಯಾಹ್ನಕ್ಕೆ ಮಗಳು ಓಡುತ್ತ ಬಂದು ಪಾಸಾದೆ ಎಂದಳು. ಇಡೀ ಪುಟ ಓದಿದಳಂತೆ, ಒಂದು ಕಡೆಯೂ ತಡೆಯಲಿಲ್ಲವಂತೆ. “ಅಕ್ಕೋರು ತಿಪ್ಪಿ ಅಂದಾಗ ಸಾಹೇಬ್ರು ಚಷ್ಮಾ ತಗದು ಒರಸ್ಕೊಂಡ್ರು” ಎಂದಳು. ನಾನು ಆ ಮಾತನ್ನು ಗಮನಿಸಬೇಕಿತ್ತು. ಆ ಸಂತೋಷದಲ್ಲಿ ಗಮನಿಸಲಿಲ್ಲ. ಜಗಲಿಯ ಮೇಲಿನ ಸಣ್ಣ ರಾಟಿಯನ್ನು ನಾನೇ ಎತ್ತಿ ಅಟ್ಟಕ್ಕೆ ಹಾಕಿದೆ.

ಮರುದಿನ ಅಕ್ಕೋರು ಸೆರಗಿನೊಳಗೆ ಸಾಲಿಯ ಶೇರಾ ಪುಸ್ತಕ ಮುಚ್ಚಿಕೊಂಡು ಬಂದರು. ತಪಾಸಣೆಗೆ ಬಂದವರು ತಮ್ಮ ಅಭಿಪ್ರಾಯ ಬರೆದುಹೋಗುವ ಪುಸ್ತಕ ಅದು. ಹಿಂದಿನವರೆಲ್ಲ ಮರಾಠಿಯಲ್ಲೋ ಕನ್ನಡದಲ್ಲೋ ಬರೆಯುತ್ತಿದ್ದರು. ಇವರು ಅರ್ಧ ಪುಟ ಇಂಗ್ಲಿಷ್ ಬರೆದಿದ್ದರು.

“ಗಂಡುಮಕ್ಕಳ ಸಾಲಿ ಮಾಸ್ತರಗ ತೋರ್ಸಾಕ ಮನಸ್ಸಾಗಲಿಲ್ಲ ತಂಗೀ. ನೀವ ಓದಿ ಹೇಳ್ರಿ.”

ಮೊದಲ ಸಾಲು ಓದುವುದಕ್ಕೂ ಮುಂಚೆ ಆ ಶಬ್ದ ಕಣ್ಣಿಗೆ ಬಿತ್ತು. ಹಳೆಯ ಪರಿಚಯದವರು ಸಂತೆಯಲ್ಲಿ ದೂರದಿಂದಲೇ ಕಾಣುವಂತೆ. ಸಾಲಿ ಸ್ವಚ್ಛವಿದೆ, ಹಾಜರಿ ಸರಿ ಇದೆ. ಆದರೆ ಶಿಕ್ಷಕಿ ಒಬ್ಬ ಸಣ್ಣ ವಿದ್ಯಾರ್ಥಿನಿಯ ಮೇಲೆ ಡೆರೊಗೇಟರಿ ಭಾಷೆ ಬಳಸಿದ್ದನ್ನು ಕಿವಿಯಾರೆ ಕೇಳಿದ್ದೇನೆ, ಇಂಥವರು ಹೆಣ್ಣುಮಕ್ಕಳ ಸಾಲಿಗೆ ತಕ್ಕವರೇ ಎಂಬುದನ್ನು ಮೇಲಿನವರು ವಿಚಾರಿಸಬೇಕು, ಎಂದು ಬರೆದಿದ್ದರು.

“ಸಾಲಿ ಸ್ವಚ್ಛ ಐತಿ ಅಂತ ಬರದಾರ್ರಿ” ಎಂದೆ.

“ನಿಮ್ಮ ಮಾರಿ ನೋಡಿದ್ರ ಅಷ್ಟ ಬರದಂಗ ಕಾಣೂದಿಲ್ಲ.”

ಹೇಳಿದೆ. ಶಬ್ದದ ಅರ್ಥ ಕೇಳಿದರು. ಬೈಗುಳ ಎಂದೆ, ಅದು ಪೂರಾ ಸರಿಯಲ್ಲ. ಅವಮಾನ ಎಂದೆ, ಅದೂ ಅಲ್ಲ. ಕಡೆಗೆ ಸಿಸ್ಟರು ಹೇಳಿದ್ದನ್ನೇ ಹೇಳಿದೆ: “ಮಂದೀನ್ನ ಕೆಳಗ ಇಳಸೂ ಮಾತು.”

“ನಾ ಅಂದಾಗ ಹುಡುಗಿ ಎದ್ದ ನಿಂತ್ಲಲ್ಲ? ಕೆಳಗ ಯಾವಾಗ ಇಳದ್ಲು?” ಎಂದರು ಅಕ್ಕೋರು. ಮತ್ತೆ ಕೇಳಿದರು, “ಆಕಿ ಪೂರಾ ಪುಟ ಓದಿದ್ದು ಬರದಾರೇನು?”

“ಇಲ್ರಿ.”

“ನೀವು ಇಂಗ್ಲಿಷ್ ಕಲ್ತವ್ರು. ಅವರಿಗೆ ತಿಳಿಸಿ ಬರೀರಿ, ಆತು.” ಇದರಲ್ಲಿ ಕಷ್ಟವೇನಿದೆ ಎನ್ನುವ ಹಾಗೆ ಹೇಳಿ, ಮಜ್ಜಿಗೆ ಕುಡಿದು ಹೋದರು.

ಮೂರು ದಿನ ಆ ಪತ್ರ ಬರೆದೆ. ಅಷ್ಟು ಸಿಟ್ಟು ನನಗೆ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಯಾರ ಮೇಲೆ ಎಂದು ಹೇಳಲು ಬಾರದ ಸಿಟ್ಟು. ನಮ್ಮ ರೂಢಿಯನ್ನು ವಿವರಿಸಬೇಕಲ್ಲ, ಅದಕ್ಕೆ ಕಾನ್ವೆಂಟಿನವರು ನನಗೆ ಕೊಟ್ಟ ಶಬ್ದಗಳು ಏನು? ಮೂಢನಂಬಿಕೆ. ಅಜ್ಞಾನ. ಹಿಂದುಳಿದ ಜನ. ಒಂದೊಂದನ್ನೂ ಬರೆದು ನೋಡಿದೆ. ತೌಡು ಅಳೆಯುವಾಗ ನಡುಗಿದ ಆ ಕೈಯ ಮೇಲೆ ಇವನ್ನು ಹೇಗೆ ಅಂಟಿಸಲಿ? ಅತ್ತೆಯವರನ್ನು ಬಿಡಿಸಿ ಹೇಳಲು ನನ್ನ ಬಳಿ ಇದ್ದ ಇಂಗ್ಲಿಷ್ ಶಬ್ದಗಳೆಲ್ಲ ಅವರನ್ನು ಕೆಳಗೆ ಇಳಿಸುವಂಥವೇ ಆಗಿದ್ದವು. ಸಿಸ್ಟರು ಅವುಗಳ ಕೆಳಗೆ ಕೆಂಪು ಗೆರೆ ಎಳೆದಿರಲಿಲ್ಲ. ಕಾಗದ ಹರಿದೆ. ಒಲೆಗೆ ಹಾಕಿದೆ. ಅತ್ತೆಯವರು, “ಏನ ಬರದು ಬರದು ಸುಡಾಕತ್ತಾಳೋ ಈಕಿ” ಎಂದರು.

ಕೊನೆಗೆ ಉಳಿದದ್ದು ನಾಲ್ಕೇ ಸಾಲು. ಆ ವಿದ್ಯಾರ್ಥಿನಿ ನನ್ನ ಮಗಳು; ಶಿಕ್ಷಕಿಯವರು ಹಾಗೆ ಮಾತಾಡಿದ್ದು ನಾನೇ ಬೇಡಿಕೊಂಡದ್ದರಿಂದ; ಹಾಗೆ ಮಾತಾಡಿದ್ದಕ್ಕೇ ನನ್ನ ಮಗಳು ತಮ್ಮ ಮುಂದೆ ಓದಿದಳು; ತಪ್ಪಿದ್ದರೆ ಅದು ನನ್ನದು. ಯಾಕೆ ಬೇಡಿಕೊಂಡೆ ಎಂಬುದನ್ನು ಬರೆಯಲಿಲ್ಲ. ಬರೆಯಲು ಆಗಲಿಲ್ಲ. ಯಜಮಾನರು ಎರಡು ಸಲ ಓದಿ, ಜಮಖಂಡಿಗೆ ಹೋದಾಗ ತಾವೇ ಕಚೇರಿಗೆ ಕೊಟ್ಟು ಬಂದರು.

ಉತ್ತರ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರಿಗೆ ವರ್ಗವಾದ ಹುಕುಂ ಬಂತು. ಸಂಸ್ಥಾನದ ಆ ತುದಿ, ಕುಂದಗೋಳದ ಕಡೆಯ ಒಂದು ಹಳ್ಳಿ. ಕೆಲಸ ಹೋಗಲಿಲ್ಲ. ಅದು ನನ್ನ ಪತ್ರದಿಂದಲೋ, ವರ್ಗವಾದದ್ದೇ ಪತ್ರದಿಂದಲೋ, ಯಾರಿಗೆ ಗೊತ್ತು? ಇಷ್ಟು ವರ್ಷ ಅದನ್ನೇ ತಿರುವಿ ತಿರುವಿ ಹಾಕಿದ್ದೇನೆ.

ಗಾಡಿ ಹತ್ತುವಾಗ ಅಕ್ಕೋರು ನನ್ನನ್ನು ಬೈಯಲಿಲ್ಲ. ಬೈಯಬಾರದಿತ್ತೇ ಎಂದು ಸಂಕಟವಾಯಿತು. ನನ್ನ ಮಗಳ ಗದ್ದ ಹಿಡಿದು, “ನಿನ್ನಂಥಾ ದಡ್ಡಿ ನನ್ನ ಸಾಲ್ಯಾಗ ಇನ್ನೊಂದು ಬರಬಾರದವ್ವಾ” ಎಂದರು. ಹುಡುಗಿಯ ಮುಖ ಅರಳಿತು. ಅಕ್ಕೋರ ಕಣ್ಣು ತುಂಬಿದ್ದವು. ಎತ್ತಿನ ಕೊರಳ ಗಂಟೆ ಓಣಿಯ ತಿರುವಿನವರೆಗೆ ಕೇಳಿತು.

ಹೊಸದಾಗಿ ಬಂದವರಿಗೆ ಶೇರಾ ಪುಸ್ತಕದ ಮಾತು ಯಾರೋ ಹೇಳಿಯೇ ಕಳಿಸಿದ್ದರು. ಎಲ್ಲ ಮಕ್ಕಳನ್ನೂ ಹಾಜರಿ ಪಟದ ಮೇಲಿನ ಹೆಸರಿನಿಂದ, ಮೆಲ್ಲಗೆ, ಮರಾಠಿಯವರ ಮುದ್ದಿನಂತೆ ಬಾಳಾ ಬಾಳಾ ಎಂದು ಕರೆಯುತ್ತಿದ್ದರು. ಅವರದ್ದೇನು ತಪ್ಪು? ನನ್ನ ಮಗಳು ಮತ್ತೆ ಮೂಕಿಯಾದಳು. ಒಂದು ವಾರ, ಎರಡು ವಾರ. ಮಾವನವರು ಅಟ್ಟದ ಕಡೆ ನೋಡಿ, “ಆ ಸಣ್ಣ ರಾಟಿ ಎಲ್ಲೈತಿ?” ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುತ್ತಿದ್ದವಳನ್ನು ತಡೆದು ನಿಲ್ಲಿಸಿದೆ. ಏಳು ವರ್ಷ ನಾನು ಅವಳಿಗೆ ಒಮ್ಮೆಯೂ ಅನ್ನದ ಮಾತು.

“ಹೋಗ ತಿಪ್ಪಿ” ಎಂದೆ. “ಸುಟ್ಟ ಬದನಿಕಾಯಿ ಮಾರಿಯಾಕಿ. ನಿನಗೇನ ಓದಾಕ ಬರ್ತೈತಿ? ದಡ್ಡಿ.”

ಅವಳು ನಂಬಲಾರದವಳ ಹಾಗೆ ನನ್ನನ್ನು ನೋಡಿದಳು. ಆಮೇಲೆ ಎಲ್ಲ ಹಲ್ಲು ಕಾಣುವಂತೆ ನಕ್ಕಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು.

ಒಳಗಿನಿಂದ ಅತ್ತೆಯವರ ದನಿ ಬಂತು: “ದನಿ ತಗದು ಬೈಯವ್ವಾ. ಹಂಗ ಮೆಲ್ಲಕ ಕಾನ್ವೆಂಟಿನಾಗ ಬೈದಂಗ ಬೈದ್ರ, ಕೇಳಬೇಕಾದ ಯಮಗ ಹ್ಯಾಂಗ ಕೇಳಸ್ತೈತಿ?”

ದನಿ ಏರಿಸಿ ಮತ್ತೊಮ್ಮೆ ಅಂದೆ. ಹುಡುಗಿ ಸಾಲಿಗೆ ಓಡಿದಳು.